ಕ್ಯೂಆರ್ ಬಿಲ್ಲೆ, ಜಿಪಿಎಸ್ ಬೆಲ್ಟ್, ಚಿಪ್: ನಾನು ನಂಬುವುದು ಪಾತ್ರೆ ಅಂಗಡಿಯ ತಗಡನ್ನು

ನಾಯಿ ತಪ್ಪಿಸಿಕೊಂಡರೆ ಮನೆಗೆ ಮರಳಿ ತರಿಸುವ ಸಾಧನಗಳಲ್ಲಿ ನನ್ನ ಮೊದಲ ಆಯ್ಕೆ ಪಾತ್ರೆ ಅಂಗಡಿಯಲ್ಲಿ ನಂಬರ್ ಕೊರೆಸಿದ ಸ್ಟೀಲ್ ತಗಡು. ನಮ್ಮ ಚುಕ್ಕಿಗೆ ಉಳಿದವನ್ನೆಲ್ಲ ಕಟ್ಟಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು. ಚುಕ್ಕಿ ನಾಡತಳಿಯವಳು. ರಸ್ತೆಯಲ್ಲಿ ನಿಂತರೆ ಸಾಕಿದ ನಾಯಿ ಎಂದು ಗುರುತಿಸಲು ಕೊರಳ ಬೆಲ್ಟ್ ಬಿಟ್ಟರೆ ಬೇರೇನೂ ಇಲ್ಲ.

ಮೊದಲು ಕೊಂಡದ್ದು ಕ್ಯೂಆರ್ ಬಿಲ್ಲೆ. ನೋಡಲು ಚೆಂದ, ವಿಳಾಸ ಬದಲಾದರೆ ಮೊಬೈಲಿನಲ್ಲೇ ತಿದ್ದಬಹುದು, ಲಸಿಕೆಯ ವಿವರವನ್ನೂ ಸೇರಿಸಬಹುದು. ದೀಪಾವಳಿಯ ರಾತ್ರಿ ಪಟಾಕಿ ಸದ್ದಿಗೆ ಬೆದರಿ ಚುಕ್ಕಿ ಕಾಂಪೌಂಡ್ ಹಾರಿದಳು. ಪಕ್ಕದ ಬಡಾವಣೆಯ ಹಾಲಿನ ಬೂತಿನವರೊಬ್ಬರು ಅವಳನ್ನು ಕಟ್ಟಿಹಾಕಿ, ನೀರಿಟ್ಟು, ಬ್ರೆಡ್ ಹಾಕಿದರು. ಇಷ್ಟು ಒಳ್ಳೆಯವರ ಕೈಗೆ ಸಿಕ್ಕಿಯೂ ನಮಗೆ ಸುದ್ದಿ ಬಂದದ್ದು ಮರುದಿನ, ಅದೂ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡಿದ ಫೋಟೋದಿಂದ.

ಬಿಲ್ಲೆ ಏಕೆ ಕೆಲಸ ಮಾಡಲಿಲ್ಲ ಎಂದು ಅವರನ್ನೇ ಕೇಳಿದೆ. ನಡುಗುತ್ತಿರುವ ನಾಯಿಯ ಕೊರಳ ಹತ್ತಿರ ಮೊಬೈಲ್ ಹಿಡಿದರೆ ಅದು ತಲೆ ತಿರುಗಿಸುತ್ತದೆ, ಬಿಲ್ಲೆಯೂ ತಿರುಗುತ್ತದೆ. ಸಾಲದ್ದಕ್ಕೆ ಮೇಲ್ಮೈಯೆಲ್ಲ ಗೀರು. ಹೇಗೋ ಸ್ಕ್ಯಾನ್ ಆದ ಮೇಲೆ ತೆರೆದ ಪುಟ ಪೂರ್ತಿ ಇಂಗ್ಲಿಷಿನಲ್ಲಿತ್ತು. ನನ್ನ ನಂಬರ್ ತೋರಿಸುವ ಮೊದಲು ಅದು ಅವರ ಮೊಬೈಲ್ ನಂಬರ್ ಕೇಳಿತು, ಅನಂತರ ಒಟಿಪಿ ಕೇಳಿತು. ಅವರು ಅಲ್ಲಿಗೆ ನಿಲ್ಲಿಸಿದರು. ಸರಿಯಾಗಿಯೇ ಮಾಡಿದರು. ಗೊತ್ತಿಲ್ಲದ ಕ್ಯೂಆರ್ ಸ್ಕ್ಯಾನ್ ಮಾಡಬೇಡಿ, ಒಟಿಪಿ ಯಾರಿಗೂ ಕೊಡಬೇಡಿ ಎಂದು ಬ್ಯಾಂಕುಗಳೂ ಪೊಲೀಸರೂ ವರ್ಷವಿಡೀ ಹೇಳುತ್ತಿರುವಾಗ, ದಾರಿಯಲ್ಲಿ ಸಿಕ್ಕ ನಾಯಿಗಾಗಿ ಆ ಎಚ್ಚರಿಕೆಯನ್ನು ಬದಿಗಿಡಿ ಎಂದು ಯಾರನ್ನಾದರೂ ಕೇಳುವುದು ಹೇಗೆ? ಹುಡುಕಿಕೊಟ್ಟವರ ನಂಬರ್ ದಾಖಲಾಗುವುದು ಸುರಕ್ಷತೆಗಾಗಿ ಎಂದು ಮಾರಿದವರು ಉತ್ತರ ಕೊಟ್ಟರು. ನಾಯಿಯನ್ನು ಹಿಡಿದುಕೊಂಡು ಅಂಗಡಿ ಮುಂದೆ ನಿಂತವರ ಕಷ್ಟ ಅವರಿಗೆ ಕೊನೆಗೂ ಅರ್ಥವಾಗಲಿಲ್ಲ. ಒಟಿಪಿ ಕೇಳದ, ನೇರವಾಗಿ ನಂಬರ್ ತೋರಿಸುವ ಬಿಲ್ಲೆಗಳೂ ಇರಬಹುದು. ಆದರೆ ಸ್ಕ್ಯಾನ್ ಮಾಡಲು ಅಂಜುವವರಿಗೆ ಅದರಿಂದಲೂ ಪ್ರಯೋಜನವಿಲ್ಲ.

ಇನ್ನೊಂದು ಆಯ್ಕೆ ಏರ್‌ಟ್ಯಾಗ್, ವಸ್ತುಗಳು ಎಲ್ಲಿವೆ ಎಂದು ಹುಡುಕಲು ಆ್ಯಪಲ್ ಕಂಪನಿ ಮಾರುವ ಪುಟ್ಟ ಬಿಲ್ಲೆ. ಅದರಲ್ಲಿ ಜಿಪಿಎಸ್ ಇಲ್ಲ. ಸುತ್ತಮುತ್ತ ಐಫೋನಿನಂಥ ಆ್ಯಪಲ್ ಸಾಧನಗಳು ಇದ್ದರಷ್ಟೇ ಅದು ಇರುವ ಜಾಗ ತಿಳಿಯುತ್ತದೆ. ನಮ್ಮ ಬೀದಿಯಲ್ಲಿ ಬಹುತೇಕ ಎಲ್ಲರದೂ ಆಂಡ್ರಾಯ್ಡ್.

ಜಿಪಿಎಸ್ ಬೆಲ್ಟನ್ನು ಗೆಳೆಯನಿಂದ ತಂದು ಕಟ್ಟಿದೆ. ಬಯಲಿನಲ್ಲಿ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಉಪಗ್ರಹದಿಂದ ಜಾಗ ತಿಳಿದರೂ ಅದನ್ನು ನಮಗೆ ಕಳಿಸುವುದು ಒಳಗಿರುವ ಸಿಮ್. ನೆಟ್‌ವರ್ಕ್ ಇಲ್ಲದ ಕಡೆ ಬೆಲ್ಟ್ ಮೂಕವಾಗುತ್ತದೆ. ರೀಚಾರ್ಜ್ ಬೇರೆ, ಚಾರ್ಜಿಂಗ್ ಬೇರೆ. ಹಗಲಿಡೀ ಚುಕ್ಕಿಯನ್ನು ನೋಡಿಕೊಳ್ಳುವವರು ನಮ್ಮತ್ತೆ. ಅವರಿಗೆ ಇನ್ನೊಂದು ಚಾರ್ಜರಿನ ಜವಾಬ್ದಾರಿ ಹೊರಿಸಲು ನನಗೆ ಮನಸ್ಸಿಲ್ಲ.

ಮೈಕ್ರೊಚಿಪ್ ಹಾಕಿಸಿದ್ದೇನೆ, ಹಾಕಿಸಿ ಎಂದೂ ಹೇಳುತ್ತೇನೆ. ಹೆಗಲ ನಡುವೆ ಚರ್ಮದಡಿ ಕೂರುವ ಅಕ್ಕಿಕಾಳಿನಷ್ಟು ವಸ್ತು, ಒಳಗೆ 15 ಅಂಕಿಗಳ ಸಂಖ್ಯೆ, ಬ್ಯಾಟರಿ ಇಲ್ಲ. ಅದು ನಾಯಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಸಂಖ್ಯೆ ಹೇಳುತ್ತದೆ, ಅಷ್ಟೇ. ನಾಯಿ ನಮ್ಮದೇ ಎಂದು ಸಾಬೀತು ಮಾಡಬೇಕಾದಾಗ, ಯುರೋಪಿಗೆ ಕರೆದೊಯ್ಯುವಾಗ ಅದು ಬೇಕೇ ಬೇಕು. ಹಾಲಿನ ಬೂತಿನಲ್ಲಿ ಸ್ಕ್ಯಾನರ್ ಇರುವುದಿಲ್ಲ.

ಇನ್ನು ತಗಡು. ಮದುವೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಗಳಿಗೆ ಹೆಸರು ಹಾಕಿಕೊಡುವ ಅಂಗಡಿಯಲ್ಲೇ ಕೊರೆಸಿದೆ. ಮೊದಲ ಸಾಲಿನಲ್ಲಿ ‘ಸಾಕಿದ ನಾಯಿ, ಲಸಿಕೆ ಆಗಿದೆ’, ಕೆಳಗೆ ನನ್ನ ನಂಬರ್, ಅದರ ಕೆಳಗೆ ಅತ್ತೆಯವರದು. ನಾಯಿಯ ಹೆಸರು ಬರೆಸಲಿಲ್ಲ. ಆ ಜಾಗದಲ್ಲಿ ಅಂಕಿಗಳನ್ನು ಇನ್ನಷ್ಟು ದಪ್ಪಗೆ ಬರೆಸಬಹುದು. ಲಸಿಕೆಯ ಸಾಲನ್ನು ಮಾತ್ರ ಬಿಡಬೇಡಿ, ಕಚ್ಚೀತೆಂಬ ಭಯದಿಂದ ದೂರ ನಿಂತವರು ಹತ್ತಿರ ಬರುವುದು ಅದನ್ನು ಓದಿದ ಮೇಲೆ. ಅಂಚನ್ನು ಅರದಿಂದ ಉಜ್ಜಿಸಿ, ಚಪ್ಪಲಿ ರಿಪೇರಿಯವರ ಹತ್ತಿರ ಎರಡೂ ತುದಿಗೆ ರಿವೆಟ್ ಹೊಡೆಸಿ ಬೆಲ್ಟಿಗೇ ಕೂರಿಸಿದೆ. ಉಂಗುರದಲ್ಲಿ ನೇತಾಡುವ ಬಿಲ್ಲೆ ತಿರುಗುತ್ತದೆ, ಉಂಗುರ ಬಾಯಿ ಬಿಟ್ಟರೆ ಬಿದ್ದೇಹೋಗುತ್ತದೆ, ಇದು ಅಲುಗುವುದಿಲ್ಲ. ಒಂದು ಮಾರು ದೂರದಿಂದಲೇ ನಂಬರ್ ಓದಬಹುದು. ಬೆಲ್ಟ್ ಬಿಟ್ಟು ಎಲ್ಲ ಸೇರಿ ನೂರೈವತ್ತು ರೂಪಾಯಿಯೂ ಆಗಲಿಲ್ಲ.

ತೋಟದ ಮನೆಯಲ್ಲಿದ್ದು, ನಾಯಿ ಎಕರೆಗಟ್ಟಲೆ ಸುತ್ತುವುದಾದರೆ, ನೆಟ್‌ವರ್ಕ್ ಚೆನ್ನಾಗಿದ್ದರೆ, ಜಿಪಿಎಸ್‌ಗೆ ಹಣ ಹಾಕಿ. ಅಕ್ಕಪಕ್ಕ ಮನೆಗಳಿರುವ ನಮ್ಮಂಥವರಿಗೆ ತಗಡು ಮತ್ತು ಚಿಪ್ ಸಾಕು. ನಂಬರ್ ಬದಲಾದರೆ ಹೊಸ ತಗಡು ಮಾಡಿಸಬೇಕು ಎಂಬುದೊಂದೇ ಕೊರತೆ. ಸ್ನಾನ ಮಾಡಿಸಿದ ದಿನ ಬೆಲ್ಟ್ ಒಣಗಲು ಹಾಕಿದಾಗ ನಾಯಿಯ ಕೊರಳು ಬರಿದಾಗುತ್ತದೆ, ಆದ್ದರಿಂದ ಒಂದೇ ಸಲಕ್ಕೆ ಎರಡು ತಗಡು ಕೊರೆಸಿ ಎರಡು ಬೆಲ್ಟಿಗೆ ಹಾಕಿಸಿಕೊಳ್ಳಿ.