ದೋಣಿಗೆ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ: ಒಂದು ವರ್ಷದ ಬಳಕೆಯ ಬಳಿಕ

ಸುವರ್ಣಾ ನದಿ ಸಮುದ್ರ ಸೇರುವ ಕೋಡಿಬೆಂಗ್ರೆಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ನಮ್ಮ ಫೈಬರ್ ದೋಣಿಯ ಚಾವಣಿಗೆ ಕಳೆದ ವರ್ಷ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿಗಳನ್ನು ಹಾಕಿದೆವು. ತಲಾ 5 ಮೀಟರಿನ ಎರಡು ಸುರುಳಿ, ಬಣ್ಣ, ಬೆಳಕು ಬದಲಿಸುವ ಕಂಟ್ರೋಲರ್, ರಿಮೋಟ್ ಮತ್ತು ಅಡಾಪ್ಟರ್ ಇದ್ದ ಕಿಟ್ಟನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಪಟ್ಟಿ ನಿಜಕ್ಕೂ ಚೆನ್ನಾಗಿದೆ. ಬಣ್ಣಗಳು ತಿಳಿಯಾಗಿವೆ, ಒಂದು ದೀಪವೂ ಇದುವರೆಗೆ ಕೆಟ್ಟಿಲ್ಲ. ಆದರೆ ಅದರ ಜೊತೆಗೆ ಬಂದ ಉಳಿದ ಸಾಮಾನುಗಳನ್ನು ಉಪ್ಪುಗಾಳಿಗೆ ಒಡ್ಡಬಾರದೆಂಬುದು ನನಗೆ ಆರೇ ವಾರಗಳಲ್ಲಿ ತಿಳಿಯಿತು.

ಡಬ್ಬದ ಮೇಲೆ ಐಪಿ65 ಎಂದು ಬರೆದಿದೆ. ಧೂಳನ್ನೂ ಚಿಮ್ಮುವ ನೀರನ್ನೂ ತಡೆಯುತ್ತದೆ ಎಂದಷ್ಟೇ ಅದರ ಅರ್ಥ, ಮುಳುಗಿದರೆ ರಕ್ಷಣೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮಾತು ಸಿಲಿಕೋನ್ ಹೊದಿಕೆಯಿರುವ ಭಾಗಕ್ಕೆ ಮಾತ್ರ ಸಲ್ಲುತ್ತದೆ; ಕತ್ತರಿಸಿದ ತುದಿಗೂ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕನೆಕ್ಟರಿಗೂ ಅಲ್ಲ. ನಮ್ಮ ದೋಣಿಯಲ್ಲಿ ಮೊದಲು ಹೋದದ್ದು ಹಸಿರು. ಕನೆಕ್ಟರ್ ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ತುಂಬ ಕಿಲುಬು. ಅಂದಿನಿಂದ ಎಲ್ಲ ಜೋಡಣೆಗಳನ್ನೂ ಬೆಸೆದು, ಒಳಬದಿಗೆ ಅಂಟು ಬಳಿದಿರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿ ಮುಚ್ಚಿದ್ದೇವೆ. ತುದಿ ಮುಚ್ಚಲು ವಿನೆಗರಿನ ವಾಸನೆ ಬರುವ ಬಾತ್‌ರೂಮ್ ಸಿಲಿಕೋನನ್ನು ಬಳಸಬೇಡಿ, ಅದು ಒಣಗುವಾಗ ಹೊರಬಿಡುವ ಆಮ್ಲವೇ ತಾಮ್ರವನ್ನು ತಿನ್ನುತ್ತದೆ.

ಪಟ್ಟಿಯಿಂದ ನಾಲ್ಕು ತಂತಿಗಳು ಹೊರಬರುತ್ತವೆ: ಮೂರೂ ಬಣ್ಣಗಳಿಗೆ ಸೇರಿದ ಒಂದು ಪ್ಲಸ್, ಬಣ್ಣಕ್ಕೊಂದರಂತೆ ಮೂರು ಮೈನಸ್. ನಮಗೆ ಬಂದ ಪಟ್ಟಿಯಲ್ಲಿ ಕಪ್ಪು ತಂತಿಯೇ ಪ್ಲಸ್, ಕೆಂಪು ತಂತಿ ಕೆಂಪು ಬಣ್ಣದ ಮೈನಸ್. ದೋಣಿಯ ಉಳಿದ ವೈರಿಂಗಿನಲ್ಲಿ ಕಪ್ಪೆಂದರೆ ಮೈನಸ್ ಆದ್ದರಿಂದ ಅನುಭವಿ ಎಲೆಕ್ಟ್ರಿಷಿಯನ್ನರೂ ಇಲ್ಲಿ ತಪ್ಪುವ ಸಂಭವವಿದೆ. ಇಂಥ ವಿಷಯವನ್ನು ಕೈಪಿಡಿಯಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಲೆಕ್ಕವನ್ನೂ ಕೈಪಿಡಿ ಹೇಳುವುದಿಲ್ಲ. ಮೀಟರಿಗೆ 60 ದೀಪಗಳಿರುವ ಈ ಬಗೆಯ 12 ವೋಲ್ಟ್ ಪಟ್ಟಿ ಮೀಟರಿಗೆ 14.4 ವ್ಯಾಟ್ ಎಳೆಯುತ್ತದೆ; ಅಂದರೆ ಮೂರೂ ಬಣ್ಣ ಒಟ್ಟಿಗೆ ಉರಿಯುವ ಪೂರ್ಣ ಬಿಳಿಯಲ್ಲಿ 5 ಮೀಟರಿಗೆ 6 ಆಂಪಿಯರ್, ಎರಡು ಸುರುಳಿಗೆ 12. ಕಿಟ್ಟಿನ ಕಂಟ್ರೋಲರ್ ತಾಳುವುದು ಒಟ್ಟು 6 ಆಂಪಿಯರ್ ಮಾತ್ರ. ಒಂದರ ತುದಿಗೆ ಇನ್ನೊಂದನ್ನು ಸೇರಿಸಿದರೆ ಕಂಟ್ರೋಲರ್ ಬಿಸಿಯಾಗುವುದಲ್ಲದೆ, ಪಟ್ಟಿಯ ತೆಳು ತಾಮ್ರದಲ್ಲಿ ವೋಲ್ಟೇಜ್ ಕುಸಿದು ಕೊನೆಯ ಮೀಟರುಗಳಲ್ಲಿ ಬಿಳಿಯು ಕೆಂಪಿಗೆ ತಿರುಗುತ್ತದೆ, ಏಕೆಂದರೆ ನೀಲಿ ಮತ್ತು ಹಸಿರು ದೀಪಗಳಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು. ನಾವು ಇನ್ನೊಂದು ಕಂಟ್ರೋಲರ್ ಕೊಂಡು, ಪ್ರತಿ ಸುರುಳಿಗೂ ಪ್ರತ್ಯೇಕ ತಂತಿ ಎಳೆದೆವು. ಬ್ಯಾಟರಿಯಿಂದ ಚಾವಣಿಗೆ ತವರ ಲೇಪಿಸಿದ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಬ್ಯಾಟರಿಯಿಂದ ಒಂದು ಗೇಣಿನ ಒಳಗೇ 15 ಆಂಪಿಯರಿನ ಫ್ಯೂಸ್. ಇಂಜಿನ್ ಓಡುವಾಗ ಚಾರ್ಜಿಂಗ್ ವೋಲ್ಟೇಜ್ 14.4ರವರೆಗೆ ಏರುವುದರಿಂದ ಪಟ್ಟಿ ಕೈಗೆ ಚುರುಕು ಮುಟ್ಟಿಸುವಷ್ಟು ಕಾಯುತ್ತಿತ್ತು. ಸ್ಥಿರವಾಗಿ 12 ವೋಲ್ಟ್ ಕೊಡುವ ಡಿಸಿ ಕನ್ವರ್ಟರನ್ನು ನಡುವೆ ಹಾಕಿದ ಮೇಲೆ ಆ ಚಿಂತೆ ತಪ್ಪಿತು. ಈ ಎಲ್ಲ ಹೆಚ್ಚುವರಿ ಸಾಮಾನಿಗೆ ಕಿಟ್ಟಿನ ಬೆಲೆಗಿಂತ ಹೆಚ್ಚು ಖರ್ಚಾಯಿತು, ಕೊಳ್ಳುವವರು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಪಟ್ಟಿಯ ಹಿಂದಿನ ಅಂಟು ಮೊದಲ ಬೇಸಿಗೆಗೇ ಬಿಟ್ಟಿತು. ಈಗ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಕೂರಿಸಿದ್ದೇವೆ.

ಬಣ್ಣದ ವಿಷಯದಲ್ಲಿ ಮಾತ್ರ ಯಾರೂ ಉದಾಸೀನ ಮಾಡಬಾರದೆಂದು ಕೇಳಿಕೊಳ್ಳುತ್ತೇನೆ. ಕತ್ತಲಲ್ಲಿ ಎದುರಿನ ದೋಣಿಯವರು ನಮ್ಮ ದಿಕ್ಕನ್ನು ಅರಿಯುವುದು ಎಡಗಡೆಯ ಕೆಂಪು, ಬಲಗಡೆಯ ಹಸಿರು, ಹಿಂದಿನ ಬಿಳಿ ದೀಪಗಳಿಂದ. ಅವುಗಳೆಂದು ಭ್ರಮೆ ಹುಟ್ಟಿಸುವ ಅಥವಾ ಚಾಲಕರ ಕಣ್ಣಿಗೆ ಅಡ್ಡಿಯಾಗುವ ಬೇರೆ ದೀಪಗಳನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಉರಿಸಕೂಡದೆಂದು 1972ರ ಅಂತರರಾಷ್ಟ್ರೀಯ ಸಮುದ್ರ ನಿಯಮಗಳು ಹೇಳುತ್ತವೆ. ಅಳಿವೆಯ ಬಳಿ ಮೀನುಗಾರಿಕಾ ದೋಣಿಗಳು ರಾತ್ರಿಯೂ ಓಡಾಡುವುದರಿಂದ, ಹೊರಬದಿಯ ಪಟ್ಟಿಗೆ ಬೇರೆಯೇ ಸ್ವಿಚ್ ಇಟ್ಟು, ಹಗ್ಗ ಬಿಚ್ಚುವ ಮೊದಲೇ ಅದನ್ನು ಆರಿಸುತ್ತೇವೆ. ನೀರಿನತ್ತ ಬೆಳಕು ಚೆಲ್ಲುವ ಪಟ್ಟಿಯನ್ನಂತೂ ನಾವು ಹಾಕಲೇ ಇಲ್ಲ. ನೀರಿಗೆ ಎಲ್‌ಇಡಿ ಬೆಳಕು ಚೆಲ್ಲಿ ಮೀನುಗಳನ್ನು ಸೆಳೆದು ಹಿಡಿಯುವ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಆ ಬೆಳಕಿನಿಂದ ನಷ್ಟ ಅನುಭವಿಸಿದ ನಾಡದೋಣಿಯವರ ಎದುರು ಹೊಳೆಯ ನೀರನ್ನು ಬೆಳಗಿಸುವುದು ನನಗೆ ಸರಿ ಕಾಣಲಿಲ್ಲ.

ಒಂದು ತೊಂದರೆ ಇನ್ನೂ ಉಳಿದಿದೆ. ಬೆಳಕನ್ನು ಅರ್ಧಕ್ಕೆ ತಗ್ಗಿಸಿದಾಗ ಕಂಟ್ರೋಲರ್ ವೇಗವಾಗಿ ಆರಿಸಿ ಹೊತ್ತಿಸುವ ಕ್ರಮದಿಂದ ದೋಣಿಗಳು ಪರಸ್ಪರ ಮಾತಾಡಲು ಬಳಸುವ ವಿಎಚ್‌ಎಫ್ ರೇಡಿಯೋದಲ್ಲಿ ಗೊರಗೊರ ಸದ್ದು ಬರುತ್ತದೆ. ತುರ್ತು ಕರೆಯ 16ನೇ ಚಾನೆಲ್ ಸ್ಪಷ್ಟವಾಗಿ ಕೇಳಲೇಬೇಕಾದ್ದರಿಂದ, ಕಂಟ್ರೋಲರನ್ನು ಆಂಟೆನಾದ ತಂತಿಯಿಂದ ದೂರಕ್ಕೆ ಸರಿಸಿ ಇಂಥ ಅಡಚಣೆಯನ್ನು ತಗ್ಗಿಸುವ ಫೆರೈಟ್ ಉಂಗುರವನ್ನು ಅದರ ತಂತಿಗೆ ಹಾಕಿದ್ದೇನೆ. ಸದ್ದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದಾಗ ಕಂಟ್ರೋಲರನ್ನೇ ಬದಲಿಸಲಿದ್ದೇನೆ.