ಬೆಂಚಿನಿಂದ ಎದ್ದು ನೆಲಕ್ಕೆ ಕೂತ ಕಥೆ

ಮಗನಿಗೆ ಆಟಿಸಂ ಅಂತ ಗೊತ್ತಾದಾಗ ಅವನಿಗೆ 4 ವರ್ಷ. ಥೆರಪಿಗೆ ಬಿಟ್ಟು ಹೊರಗಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಿದ್ದೆ. ಒಳಗೆ ಏನು ನಡೆಯುತ್ತದೆ ಅಂತ ಯಾರೂ ಹೇಳುತ್ತಿರಲಿಲ್ಲ. ಆಮೇಲೆ ಸೇರಿದ್ದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪೋಷಕರ ತರಬೇತಿಗೆ. 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ 9 ಗುಂಪು ತರಗತಿ, 3 ಮನೆಭೇಟಿ. ಆನ್‌ಲೈನ್‌ನಲ್ಲಿ ಉಚಿತ ಕೋರ್ಸೂ ಇದೆ.

ನನಗೆ ಜಾಸ್ತಿ ಉಪಯೋಗವಾಗಿದ್ದು ಮನೆಭೇಟಿ. ಮಗ ಆಟದ ಕಾರನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುತ್ತಿದ್ದ. ನಾನು ಎಂದಿನಂತೆ "ಇದು ಯಾವ ಬಣ್ಣ?" ಅಂತ ಶುರು ಮಾಡಿದೆ. ಬಂದಿದ್ದ ಮೇಡಂ, "ಪ್ರಶ್ನೆ ಬೇಡ. ನೀವೂ ಒಂದು ಕಾರು ತಗೊಂಡು ಎದುರಿಗೆ ಕೂತ್ಕೊಳ್ಳಿ, ಅವನು ಮಾಡಿದ್ದನ್ನೇ ಮಾಡಿ" ಅಂದರು. ನೆಲಕ್ಕೆ ಕೂತು ನಾನೂ ತಿರುಗಿಸಿದೆ. "ಗರ್ರ್" ಅಂದೆ. ಅವನು ನನ್ನ ಕಾರು ನೋಡಿದ, ಆಮೇಲೆ ಮುಖ. ಕೈ ನಿಲ್ಲಿಸಿ ಕಾದೆ. ನನ್ನ ಬೆರಳು ಹಿಡಿದು ಚಕ್ರದ ಮೇಲಿಟ್ಟ. ಅದೂ ಮಾತೇ ಅಲ್ವಾ?

ಒಂದೇ ಬೇಜಾರು: ನಾವು ಹೋದ ಕೇಂದ್ರದಲ್ಲಿ ತರಗತಿ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ನಮ್ಮ ಯಜಮಾನರಿಗೆ ಬರೋಕಾಗಿದ್ದು ಎರಡೇ ತರಗತಿಗೆ. ಉಳಿದದ್ದನ್ನು ನಾನೇ ಹೇಳಿಕೊಟ್ಟೆ. ಈಗ "ಗರ್ರ್" ಅನ್ನುವುದರಲ್ಲಿ ಅವರೇ ನನಗಿಂತ ಜೋರು.