ಕ್ಲಸ್ಟರ್ ಕಟ್ಟಿಸುವ ಮುಂಚೆ ಪಾಡ್ ರೇಂಜ್ ಎಷ್ಟು ಅಂತ ಕೇಳಿ

ಬೆಳಗಾವಿ ಕಡೆ ಸಕ್ಕರೆ ಕಾರ್ಖಾನೆ, ಫೌಂಡ್ರಿಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳವರೇ, ಕುಬರ್ನೆಟಿಸ್ ಕ್ಲಸ್ಟರ್ (ಹಲವು ಸರ್ವರ್ ಸೇರಿಸಿ ಸಾಫ್ಟ್‌ವೇರ್ ಓಡಿಸುವ ವ್ಯವಸ್ಥೆ) ಕಟ್ಟಿಕೊಡುತ್ತೇವೆ ಅಂತ ಯಾರಾದರೂ ಬಂದರೆ ರೇಟಿಗಿಂತ ಮೊದಲು ಪಾಡ್‌ಗಳ ಐಪಿ ರೇಂಜ್ ಕೇಳಿ. ಪಾಡ್ ಅಂದರೆ ಕ್ಲಸ್ಟರ್‌ನಲ್ಲಿ ಓಡುವ ಸಾಫ್ಟ್‌ವೇರ್‌ನ ಒಂದೊಂದು ಘಟಕ, ರೇಂಜ್ ಅಂದರೆ ಅವುಗಳಿಗೆ ಹಂಚಲು ಇಟ್ಟ ವಿಳಾಸಗಳು.

ನಮ್ಮದು ಉದ್ಯಮಬಾಗದಲ್ಲಿ ಆಫೀಸು. ಕಬ್ಬಿನ ವೇಬ್ರಿಜ್ ಲೆಕ್ಕ ಇಡುವ ಸಾಫ್ಟ್‌ವೇರ್ ನಡೆಸುತ್ತೇವೆ. ಕ್ಲಸ್ಟರ್ ಕೆಲಸ ಹೊರಗಿನವರಿಗೆ ಕೊಟ್ಟಿದ್ದೆವು. "ಎಷ್ಟ ಬೇಕಾದ್ರೂ ನೋಡ್ ಸೇರಿಸ್ರಿ ಸರ್, ತಾನ ಸ್ಕೇಲ್ ಆಗ್ತದ" ಅಂದಿದ್ದರು. ನೋಡ್ ಅಂದರೆ ಕ್ಲಸ್ಟರ್‌ನ ಒಂದೊಂದು ಸರ್ವರ್. ಎಂಟು ನೋಡ್‌ವರೆಗೆ ಆಯಿತು ಕೂಡ. ಹಂಗಾಮು ಜೋರಾಗಿ, ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂದಾಗ ಒಂಬತ್ತನೆಯದು ಸೇರಿಸಿದೆವು. ಪಟ್ಟಿಯಲ್ಲಿ ಕಾಣಿಸಿತು, ಆದರೆ 'ನಾಟ್ ರೆಡಿ' ಅನ್ನುವುದು ಹೋಗಲೇ ಇಲ್ಲ. ರ್‍ಯಾಮ್ ಹೆಚ್ಚಿಸಿ ಅಂದರು. ಹೆಚ್ಚಿಸಿದೆವು, ಬಿಲ್ ಮಾತ್ರ ಏರಿತು. 'ಕುಬ್‌ಸಿಟಿಎಲ್ ಡಿಸ್ಕ್ರೈಬ್ ನೋಡ್' ಕೊಟ್ಟರೆ ಕೆಳಗೆ ಈವೆಂಟ್‌ಗಳಲ್ಲಿ 'ಸಿಐಡಿಆರ್ ನಾಟ್ ಅವೈಲಬಲ್' (ಕೊಡಲು ಐಪಿ ರೇಂಜ್ ಉಳಿದಿಲ್ಲ) ಅಂತ ಮೊದಲಿನಿಂದಲೂ ಇತ್ತು. ಅವರು ಅದನ್ನು ತೆರೆದೇ ನೋಡಿರಲಿಲ್ಲ.

ಲೆಕ್ಕ ಇಷ್ಟೇ. ಅವರು ಪಾಡ್‌ಗಳಿಗೆ ಇಟ್ಟಿದ್ದು 10.244.0.0/21, ಅಂದರೆ ಒಟ್ಟು 2048 ವಿಳಾಸ. ಪ್ರತಿ ನೋಡ್‌ಗೆ ಡೀಫಾಲ್ಟ್ ಆಗಿ ಒಂದು /24, ಅಂದರೆ 256 ವಿಳಾಸ ಹೋಗುತ್ತದೆ. ನೋಡ್‌ನಲ್ಲಿ ಪಾಡ್ ಹತ್ತೇ ಇದ್ದರೂ ಅದರ ಪಾಲು ಬೇರೆಯವರಿಗೆ ಸಿಗುವುದಿಲ್ಲ. /21ರಲ್ಲಿ ಇಂಥ ಪಾಲು ಎಂಟೇ. /16 ಇಟ್ಟಿದ್ದರೆ 256 ನೋಡ್ ಹಿಡಿಸುತ್ತಿತ್ತು. ಖಾಸಗಿ ವಿಳಾಸಕ್ಕೆ ಯಾರೂ ದುಡ್ಡು ಕೇಳುವುದಿಲ್ಲ, ಇಲ್ಲಿ ಎಂಥ ಜಿಪುಣತನ ಅಲ್ವಾ? ಆಫೀಸ್ ಲ್ಯಾನ್, ವಿಪಿಎನ್, ಸರ್ವಿಸ್ ರೇಂಜ್‌ಗೆ ಡಿಕ್ಕಿ ಹೊಡೆಯದ ಹಾಗೆ ನೋಡಿಕೊಂಡರೆ ಸಾಕು.

ನಡೆಯುತ್ತಿರುವ ಕ್ಲಸ್ಟರ್‌ನಲ್ಲಿ ಇದನ್ನು ಸುಮ್ನೆ ಬದಲಿಸಲು ಬರುವುದಿಲ್ಲ. ಹೊಸ ಕ್ಲಸ್ಟರ್ ಕಟ್ಟಿ, ಹಂಗಾಮಿನ ನಡುವೆಯೇ ಎಲ್ಲ ಸಾಗಿಸಿದೆವು. "ಅದು ಸ್ಕೋಪ್‌ನಾಗ ಇರ್ಲಿಲ್ರಿ" ಅಂದುಬಿಟ್ಟರು ಅವರು.

ಸಾಗಿಸುವಾಗ ಇನ್ನೂ ಕೆಟ್ಟದ್ದೊಂದು ಸಿಕ್ಕಿತು. ಡೇಟಾಬೇಸ್ ಹತ್ತಿರ ಬೇರೆ ಪಾಡ್ ಸುಳಿಯದಂತೆ ನೆಟ್‌ವರ್ಕ್ ಪಾಲಿಸಿ ಬರೆದಿದ್ದೇವೆ ಅಂತ ಬೇರೆ ಬಿಲ್ ಹಾಕಿದ್ದರು. ಫೈಲೂ ಇತ್ತು. ಆದರೆ ಹಾಕಿದ್ದು ಬರೀ ಫ್ಲಾನೆಲ್ ಅನ್ನುವ ನೆಟ್‌ವರ್ಕ್ ಪ್ಲಗಿನ್. ಅದು ಪಾಡ್‌ಗಳ ನಡುವೆ ಪ್ಯಾಕೆಟ್ ಸಾಗಿಸುತ್ತದೆ, ಅದೊಂದೇ ಇದ್ದರೆ ಪಾಲಿಸಿ ಜಾರಿ ಆಗುವುದಿಲ್ಲ. ಕುಬರ್ನೆಟಿಸ್ ಆ ಫೈಲನ್ನು ಎರರ್ ಕೊಡದೆ ಒಪ್ಪಿಕೊಳ್ಳುತ್ತದೆ, ಮೋಸ ಹೋಗುವುದು ಇಲ್ಲೇ. ಸುಮ್ಮನೆ ಒಂದು ಟೆಸ್ಟ್ ಪಾಡ್ ಎಬ್ಬಿಸಿ ಡೇಟಾಬೇಸ್‌ನ 5432 ಪೋರ್ಟ್‌ಗೆ ಹೋದರೆ ಬಾಗಿಲು ಹಾರು ಹೊಡೆದಿತ್ತು. ರೈತರ ಬ್ಯಾಂಕ್ ಖಾತೆ ವಿವರ ಅದರಲ್ಲೇ ಇರುವುದು.

ಈಗ ಪಾಲಿಸಿಯನ್ನೂ ಜಾರಿ ಮಾಡುವ ಕ್ಯಾಲಿಕೋ ಪ್ಲಗಿನ್ ಹಾಕಿದ್ದೇವೆ. ಅಂಥದೇ ಪಾಡ್‌ನಿಂದ ಅದೇ ಪೋರ್ಟ್‌ಗೆ ಹೋದರೆ ಟೈಮ್‌ಔಟ್ ಬರುತ್ತದೆ. ಈ ಟೆಸ್ಟನ್ನು ನಿಮ್ಮ ಕಣ್ಣೆದುರೇ ಮಾಡಿಸಿ, ಕೊನೆಯ ಕಂತು ಆಮೇಲೆ ಕೊಡಿ.